ಬಾಡಿಗೆ ಗಾಂಧಿ, ಮರೆತ ವಿದುರಾಶ್ವತ್ಥ

ಆಗಸ್ಟ್ 15 ಹತ್ತಿರ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗಲಾಟೆ: ಗಾಂಧಿ ವೇಷ ಬಾಡಿಗೆಗೆ ಎಲ್ಲಿ ಸಿಗುತ್ತೆ? ಕಳೆದ ವರ್ಷ ನನ್ನ ಆರು ವರ್ಷದ ಮಗಳು ಝಾನ್ಸಿ ರಾಣಿಯಾಗಿ ಬಹುಮಾನ ಗೆದ್ದಳು. ಮನೆಗೆ ಬಂದು ಕೇಳಿದಳು: "ಅಪ್ಪಾ, ಸ್ವಾತಂತ್ರ್ಯ ಇಲ್ಲದಾಗ ಏನೇನು ಮಾಡೋ ಹಾಗಿರಲಿಲ್ಲ?" ವೇಷ ಹಾಕಿಸಿದ ನಾನು ತಬ್ಬಿಬ್ಬು.

ಉತ್ತರ ಬೆಂಗಳೂರಿಗೆ ಹತ್ತಿರದಲ್ಲೇ ಇದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಗುಂಡು ಹಾರಿಸಿದವರು ಬ್ರಿಟಿಷರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ನಮ್ಮವರೇ. "ಬಿಳಿಯರು ಕೆಟ್ಟವರು, ನಾವು ಒಳ್ಳೆಯವರು" ಅನ್ನೋ ಸುಲಭದ ಪಾಠಕ್ಕೆ ಇದು ಒಗ್ಗಲ್ಲ. ಅದಕ್ಕೇ ಹೇಳಬೇಕು.

"ಚಿಕ್ಕ ಮಕ್ಕಳಿಗೆ ಇದೆಲ್ಲಾ ಯಾಕ್ರೀ?" ಅಂತೀರಾ? ಅವರ ಕೈಗೆ ರಟ್ಟಿನ ಕತ್ತಿ ಕೊಟ್ಟವರು ನಾವೇ ಅಲ್ವಾ? ರಕ್ತದ ವರ್ಣನೆ ಬೇಡ. "ಬಾವುಟ ಹಾರಿಸಬಾರದು ಅಂದಿದ್ದರು. ಹಾರಿಸ್ತೀವಿ ಅಂತ ಹೋದವರಲ್ಲಿ ಕೆಲವರು ಮನೆಗೆ ವಾಪಸ್ ಬರಲಿಲ್ಲ." ಇಷ್ಟು ಸಾಕು, ಮುಂದಿನ ಪ್ರಶ್ನೆ ಅವರೇ ಕೇಳ್ತಾರೆ.

ವಿದುರಾಶ್ವತ್ಥದಲ್ಲಿ ಹುತಾತ್ಮರ ಸ್ಮಾರಕ ಇದೆ. ನಂದಿ ಬೆಟ್ಟಕ್ಕೆ ಹಾಕಿಸೋ ಪೆಟ್ರೋಲಿಗೆ ಇನ್ನೊಂಚೂರು ಸೇರಿಸಿದ್ರೆ ಆಯ್ತು. ಈ ಸಲ ನಾವು ಅಲ್ಲಿಗೇ ಹೊರಟಿದ್ದೀವಿ.