ಎಂ.ಎಸ್ಸಿ. ಆಯಿತು, ಮುಂದೇನು?



ಎಂ.ಎಸ್ಸಿ. ಅಥವಾ ಎಂ.ಟೆಕ್. ಮುಗಿಸಿದ ಮಕ್ಕಳು "ಪಿಎಚ್.ಡಿ. ಮಾಡುತ್ತೇನೆ" ಎಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: "ಇನ್ನೂ ಐದು ವರ್ಷ ಓದಿಸಲು ಹಣ ಎಲ್ಲಿಂದ ತರುವುದು?" ತಂದೆತಾಯಿಯರ ಈ ಕಷ್ಟ ನಿಜವೇ. ಆದರೆ ಸಂಶೋಧನೆಯ ಲೆಕ್ಕ ಬೇರೆ. ಇಲ್ಲಿ ಅರ್ಹರಿಗೆ ಸರಕಾರವೇ ತಿಂಗಳು ತಿಂಗಳು ಹಣ ಕೊಡುತ್ತದೆ.

ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ, ಜೀವವಿಜ್ಞಾನ ಓದಿದವರಿಗೆ ಸಿ.ಎಸ್.ಐ.ಆರ್. ನೆಟ್, ಕಂಪ್ಯೂಟರ್ ವಿಜ್ಞಾನದವರಿಗೆ ಯು.ಜಿ.ಸಿ. ನೆಟ್, ಎಂಜಿನಿಯರಿಂಗ್‌ನವರಿಗೆ ಗೇಟ್ ಪರೀಕ್ಷೆಗಳಿವೆ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ, ನೆಟ್‌ನಲ್ಲಿ ಜೆ.ಆರ್.ಎಫ್. ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ತೃಪ್ತಿಕರವಾಗಿದ್ದರೆ ಅನಂತರ 42,000 ರೂಪಾಯಿ. ಮನೆಬಾಡಿಗೆ ಭತ್ಯೆ ಬೇರೆ. ಗಮನಿಸಿ, ಬರೀ ನೆಟ್ ಪಾಸಾದರೆ ಈ ಹಣ ಸಿಗದು, ಜೆ.ಆರ್.ಎಫ್. ಆಗಲೇಬೇಕು.

"ಗಣಿತ ಓದಿದವನಿಗೆ ಆಸ್ಪತ್ರೆಯಲ್ಲೇನು ಕೆಲಸ?" ಎನ್ನಬೇಡಿ. ಸಿ.ಟಿ. ಸ್ಕ್ಯಾನ್ ಯಂತ್ರ ನಾನಾ ಕೋನಗಳಿಂದ ಎಕ್ಸ್-ರೇ ಹಾಯಿಸುತ್ತದೆ. ಆ ಅಳತೆಗಳನ್ನೆಲ್ಲ ಜೋಡಿಸಿ ದೇಹದೊಳಗಿನ ಚಿತ್ರ ಮೂಡಿಸುವುದು ಗಣಿತ ಮತ್ತು ಕಂಪ್ಯೂಟರ್. ಎರ್ನಾಕುಲಂನಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಜಿ.ಎನ್. ರಾಮಚಂದ್ರನ್, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ 1971ರಲ್ಲಿ ಇದಕ್ಕೊಂದು ಸುಲಭ ವಿಧಾನ ಪ್ರಕಟಿಸಿದರು. ಇಬ್ಬರ ಹೆಸರೂ ಸೇರಿ ಅದು ಇಂದಿಗೂ 'ರಾಮ್-ಲಾಕ್' ಎಂದೇ ಪಾಠಪುಸ್ತಕಗಳಲ್ಲಿದೆ.

ತಡವಾಯಿತೆಂದು ಕೊರಗುವವರು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರನ್ನು ನೆನೆಯಲಿ. 15ನೇ ವಯಸ್ಸಿಗೆ ಶಾಲೆ ಬಿಟ್ಟು ಮುದ್ರಣದ ಕೆಲಸಕ್ಕೆ ಸೇರಿದ್ದ ಅವರು ಮುಂದೆ ಓದು ಮುಂದುವರಿಸಿ ಪಿಎಚ್.ಡಿ. ಪಡೆದರು. ಎಂ.ಆರ್.ಐ. ಕುರಿತ ಸಂಶೋಧನೆಗಾಗಿ 2003ರ ನೊಬೆಲ್ ಬಹುಮಾನದಲ್ಲಿ ಪಾಲುದಾರರಾದರು.

ದೂರ ಹೋಗಬೇಕೆಂದೂ ಇಲ್ಲ. ನಮ್ಮ ಪೆರಿಯದಲ್ಲೇ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸುರತ್ಕಲ್‌ನಲ್ಲಿ ಎನ್.ಐ.ಟಿ.ಕೆ., ತಿರುವನಂತಪುರದಲ್ಲಿ ವೈದ್ಯಕೀಯ ಉಪಕರಣಗಳ ಸಂಶೋಧನೆಗೆ ಹೆಸರಾದ ಶ್ರೀಚಿತ್ರಾ ಸಂಸ್ಥೆ ಇವೆ. ಅರ್ಜಿಯನ್ನು ನೇರವಾಗಿ ಸಂಸ್ಥೆಗೇ ಹಾಕಿ. ಮಧ್ಯವರ್ತಿಗಳಿಗೆ ಹಣ ಕೊಡಬೇಡಿ.

ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಮೂರು ಮಾತು ಕೇಳಿ. ಗೈಡ್ ಸಮಯ ಕೊಡುತ್ತಾರೆಯೇ? ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು? ಬೇಕಾದ ಯಂತ್ರ, ಮಾಹಿತಿ ಕೈಗೆ ಸಿಗುತ್ತದೆಯೇ?

ಪಿಎಚ್.ಡಿ. ಎಲ್ಲರಿಗೂ ಹೊಂದುವಂಥದ್ದಲ್ಲ. ಕೆಲಸ ಸಿಗಲಿಲ್ಲವೆಂದು ಸೇರಿದವರಿಗೆ ಆ ಐದು ವರ್ಷ ಬಲು ಉದ್ದ. ಆದರೆ ನಿಜವಾದ ಒಲವಿರುವ ಮಗಳನ್ನು "ವಯಸ್ಸಾಯಿತು, ಮದುವೆ ಮಾಡೋಣ" ಎಂದೋ, ಮಗನನ್ನು "ಗಲ್ಫಿಗೆ ಹೋಗು" ಎಂದೋ ತಡೆಯುವ ಮುನ್ನ, ದಯವಿಟ್ಟು ಒಂದು ಸಂಜೆ ಜೊತೆಗೆ ಕೂತು ಈ ಲೆಕ್ಕ ಹಾಕಿ ನೋಡಿ.