ಮಗುವಿನ ಮೊದಲ ಪತ್ರ ಕನ್ನಡದಲ್ಲೇ ಮೂಡಲಿ

ತಿಗನಾರೆಯ, ತಾಳವಾಡಿ ಸೀಮೆಯ ಪೋಷಕ ಬಂಧುಗಳೇ,

ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂಬ ಭ್ರಮೆಯನ್ನು ಮಕ್ಕಳಲ್ಲಿ ನಾವೇ ಬಿತ್ತಬಾರದು. ಕನ್ನಡ ಓದಬಲ್ಲ ಮಗು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸತೊಡಗಿದರೆ, ಕಲಿತ ಲಿಪಿ ಪಠ್ಯಪುಸ್ತಕದಲ್ಲೇ ಸೊರಗುತ್ತದೆ.

‘ತಮಿಳಿನ ಜೊತೆಗೆ ಕನ್ನಡದ ಕೀಲಿಮಣೆಯೂ ಮಗುವಿಗೆ ಹೊರೆ’ ಎಂಬ ವಾದ ನಿಲ್ಲದು. ಭಾರತ ಸರ್ಕಾರ ಅಂಗೀಕರಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ‘ಕ’ಕಾರಕ್ಕೂ ತಮಿಳಿನ ‘ಕ’ಕಾರಕ್ಕೂ ಒಂದೇ ಕೀಲಿ. ಒಂದರಲ್ಲಿ ಪಳಗಿದ ಬೆರಳು ಇನ್ನೊಂದಕ್ಕೂ ಒದಗುತ್ತದೆ. ವಿಂಡೋಸ್‌ನಲ್ಲಿ ಎರಡೂ ಲಭ್ಯ, ಬೇರೆ ಖರ್ಚಿಲ್ಲ.

ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಪತ್ರವನ್ನೇ ಬರೆಯಲಾರದ ಪೀಳಿಗೆಗೆ ಆ ಹಕ್ಕಿದ್ದೇನು ಫಲ?

ಶಾಲೆಯ ಪೋಷಕರ ಸಭೆಯಲ್ಲಿ ಕೇಳಿರಿ: ಐದನೆಯ ತರಗತಿ ಮುಗಿಸುವ ಮುನ್ನ ನಮ್ಮ ಮಗು ಕನ್ನಡದಲ್ಲಿ ಒಂದು ಪತ್ರ ಟೈಪಿಸಬಲ್ಲದೇ?