‘ಕಳೆದುಹೋಗಿದೆ’ ಎಂದು ಬರೆಯಬೇಡಿ

ನಮ್ಮ ಕಾಲೇಜಿಗೆ ಗೋರಿಪಾಳ್ಯ, ಪಾದರಾಯನಪುರ, ಜಗಜೀವನರಾಮ್ ನಗರದ ಕಡೆಯಿಂದ ಬರುವವರೇ ಹೆಚ್ಚು. ಬೆಂಗಳೂರಿನ ಬೇರೆ ಭಾಗದವರಿಗೆ ನಮ್ಮ ವಿಳಾಸ ಹೇಳಿದರೆ ಕೇಳುವ ಮೊದಲ ಪ್ರಶ್ನೆ, ‘ಅಲ್ಲಿ ರಾತ್ರಿ ಓಡಾಡಬಹುದಾ?’ 2024ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಹೋಲಿಸಿ ಮಾತನಾಡಿದ್ದು ನಮಗೆಲ್ಲ ನೆನಪಿದೆ. ಆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಭಾರತದ ಯಾವ ಭಾಗವನ್ನೂ ಯಾರೂ ಹಾಗೆ ಕರೆಯುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ನ್ಯಾಯಮೂರ್ತಿಗಳೂ ವಿಷಾದ ವ್ಯಕ್ತಪಡಿಸಿದರು. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಆದರೆ ಕೆಟ್ಟ ಹೆಸರು ಸುಳ್ಳು ಎಂದು ಸಾಬೀತಾದ ಮಾತ್ರಕ್ಕೆ ಗಲ್ಲಿಯಲ್ಲಿ ದೀಪ ಹತ್ತುವುದಿಲ್ಲ. ಹೊರಗಿನವರು ಬೈದಾಗ ‘ನಮ್ಮ ಏರಿಯಾದಲ್ಲಿ ಏನೂ ಆಗಲ್ಲ’ ಎಂದು ಜೋರಾಗಿ ಹೇಳುವ ನಾವೇ, ಸಂಜೆಯಾದರೆ ತಂಗಿಯನ್ನು ಕರೆದುಕೊಂಡು ಬರಲು ಅಣ್ಣನನ್ನು ಕಳುಹಿಸುತ್ತೇವೆ. ಎರಡೂ ಮಾತು ಒಂದೇ ಮನೆಯಲ್ಲಿ ಕೇಳಿಬರುತ್ತವೆ.

ಇದರ ಬೆಲೆ ಕೊಡುತ್ತಿರುವವರು ಹುಡುಗಿಯರು. ‘ಮಗ್ರಿಬ್ ಅಜಾನ್‌ಗೆ ಮೊದಲು ಮನೆಯಲ್ಲಿರಬೇಕು’ ಎಂಬುದು ಬಹುತೇಕ ಮನೆಗಳ ನಿಯಮ. ಡಿಸೆಂಬರ್‌ನಲ್ಲಿ ಇಲ್ಲಿ ಮಗ್ರಿಬ್ ಆರು ಗಂಟೆಗೇ. ಸಿಇಟಿ, ನೀಟ್ ಕೋಚಿಂಗ್ ಬ್ಯಾಚುಗಳು ಶುರುವಾಗುವುದೇ ಐದರ ನಂತರ. ಹಾಗಾಗಿ ಪಿಸಿಎಂಬಿ ತೆಗೆದುಕೊಂಡ ಎಷ್ಟೋ ಹುಡುಗಿಯರು ಮೊಬೈಲಿನಲ್ಲಿ ವೀಡಿಯೋ ನೋಡಿಕೊಂಡೇ ತಯಾರಿ ನಡೆಸುತ್ತಾರೆ. ತಂದೆತಾಯಿಯರನ್ನು ದೂರುವುದು ಸುಲಭ. ಆದರೆ ಅವರು ಹೆದರುವುದು ಸುಮ್ಮನೆ ಅಲ್ಲ. ಬೈಕಿನಲ್ಲಿ ಬಂದು ಫೋನ್ ಕಿತ್ತುಕೊಂಡು ಹೋದ ಕಥೆ, ಮೂಲೆಯಲ್ಲಿ ನಿಂತು ಮಾತು ಎಸೆಯುವ ಗುಂಪಿನ ಕಥೆ ಪ್ರತಿ ತರಗತಿಯಲ್ಲೂ ಎರಡು ಮೂರು ಸಿಗುತ್ತವೆ.

ಆ ಕಥೆಗಳಲ್ಲಿ ಎಷ್ಟು ಪೊಲೀಸ್ ಠಾಣೆಯವರೆಗೆ ಹೋದವು ಎಂದು ಕೇಳಿ ನೋಡಿ. ಹೋದವೂ ಯಾವ ರೂಪದಲ್ಲಿ ದಾಖಲಾದವು ಎಂದು ಕೇಳಿ. ನನ್ನ ವಾದ ಇರುವುದು ಇಲ್ಲೇ. ಕಿತ್ತುಕೊಂಡು ಹೋದ ಫೋನಿಗೂ ‘ಕಳೆದುಹೋಗಿದೆ’ ಎಂದು ಬರೆದುಕೊಟ್ಟು ಬರುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಕೆಲವೊಮ್ಮೆ ಹಾಗೆ ಬರೆಯಿರಿ ಎಂದು ಎದುರಿಗೆ ಕುಳಿತವರೇ ಹೇಳುತ್ತಾರೆ. ಕೆಲವೊಮ್ಮೆ ನಮಗೇ ಕೋರ್ಟು ಕಚೇರಿಯ ಗೋಜು ಬೇಡ. ಸಿಮ್ ಸಿಕ್ಕರೆ ಸಾಕು. ನಿಜವಾಗಿ ಕಳೆದುಹೋದ ವಸ್ತುಗಳಿಗೆ ಪೊಲೀಸರ ಇ-ಲಾಸ್ಟ್ ಸೌಲಭ್ಯ ಬಹಳ ಅನುಕೂಲ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಕಳೆದುಹೋದದ್ದು ಅಪರಾಧವಲ್ಲ. ಅದಕ್ಕೆ ಎಫ್‌ಐಆರ್ ಇಲ್ಲ, ತನಿಖೆ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಂಕಿಅಂಶವೂ ದಾಖಲಾದ ಪ್ರಕರಣಗಳ ಲೆಕ್ಕವೇ. ಹೀಗೆ ಒಂದೇ ಗಲ್ಲಿಯಲ್ಲಿ ಹತ್ತು ಫೋನ್ ಹೋದರೂ ಕಾಗದದಲ್ಲಿ ಆ ಗಲ್ಲಿ ಶಾಂತವಾಗಿರುತ್ತದೆ. ಶಾಂತವಾಗಿರುವ ಗಲ್ಲಿಗೆ ಬೀಟ್ ಪೊಲೀಸರನ್ನು ಹೆಚ್ಚಿಸಿ ಎಂದು ಯಾವ ಆಧಾರದ ಮೇಲೆ ಕೇಳುವುದು? ಸುದ್ದಿಯಲ್ಲಿ ಭಯ, ದಾಖಲೆಯಲ್ಲಿ ಶೂನ್ಯ. ಎರಡರಿಂದಲೂ ನಷ್ಟ ನಮಗೇ.

ಕಾನೂನು ನಮ್ಮ ಪರವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಂ ಕಸಿದುಕೊಂಡು ಹೋಗುವುದನ್ನು ಪ್ರತ್ಯೇಕ ಅಪರಾಧವೆಂದೇ ಹೇಳುತ್ತದೆ. ಮೂರು ವರ್ಷದವರೆಗೆ ಜೈಲು ಮತ್ತು ದಂಡ. ಇಂಥ ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಮೇಲಧಿಕಾರಿಗೆ ಅಂಚೆಯಲ್ಲಿ ಬರೆದು ಕಳುಹಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂದು ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕೆಂದೂ ಇದೆ. ತನಿಖೆಯ ವೇಳೆ ಸಾಕ್ಷಿ ಹೇಳಿಕೆಗಾಗಿ ಮಹಿಳೆಯನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಆಕೆಯ ಮನೆಗೇ ಬರಬೇಕು. ಈ ಕೊನೆಯ ವಿಷಯವನ್ನು ನಿಮ್ಮ ಅಮ್ಮಿಗೆ ಖಂಡಿತ ಹೇಳಿ.

ಇಷ್ಟಾದರೂ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಕೆ ಯಾಕೆ ಎಂಬುದು ನನಗೆ ಗೊತ್ತು. ದೂರು ಕೊಡಲು ಹೋದ ಹುಡುಗನನ್ನೇ ‘ನೀನು ಆ ಹೊತ್ತಿನಲ್ಲಿ ಅಲ್ಲೇನು ಮಾಡುತ್ತಿದ್ದೆ’ ಎಂದು ಕೇಳುವವರಿದ್ದಾರೆ. ಇನ್ನೊಂದು ಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ: ಕಿತ್ತುಕೊಂಡವನು ಪಕ್ಕದ ಗಲ್ಲಿಯವನೇ ಆಗಿರಬಹುದು. ಆಗ ಹಿರಿಯರು ಕೂತು ಮಾತನಾಡಿ ಫೋನ್ ವಾಪಸ್ ಕೊಡಿಸುತ್ತಾರೆ. ‘ಹುಡುಗನ ಭವಿಷ್ಯ ಹಾಳಾಗಬಾರದು’ ಎನ್ನುತ್ತಾರೆ. ಮೊದಲ ಸಲ ತಪ್ಪು ಮಾಡಿದ ಚಿಕ್ಕ ಹುಡುಗನಾದರೆ ಆ ಕರುಣೆ ನನಗೂ ಅರ್ಥವಾಗುತ್ತದೆ. ಹದಿನೆಂಟರೊಳಗಿನವರಿಗೆ ಬಾಲನ್ಯಾಯ ಮಂಡಳಿ ಇರುವುದೂ ಆ ಕಾರಣಕ್ಕೇ. ಆದರೆ ಮೂರನೇ ಸಲವೂ ಅದೇ ಮಾತಾದರೆ, ಕೋಚಿಂಗ್ ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಯ ಭವಿಷ್ಯದ ಬಗ್ಗೆ ಯಾವ ಹಿರಿಯರು ಕೂತು ಮಾತನಾಡುತ್ತಾರೆ?

ದೀಪದ ವಿಷಯವೂ ಹೀಗೆಯೇ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೆ ಕಾರ್ಪೊರೇಟರೇ ಇಲ್ಲದಂತಾಯಿತು. ಕಂಬ ಉರಿಯುತ್ತಿಲ್ಲ ಎಂದು ಮನೆ ಬಾಗಿಲಿಗೆ ಹೋಗಿ ಹೇಳಲು ಒಬ್ಬ ವ್ಯಕ್ತಿ ಇರಲಿಲ್ಲ. ಈಗ ಉಳಿದಿರುವ ದಾರಿ ಬರಹದ ದೂರು. ಅಂದ ಹಾಗೆ, ನಮ್ಮ ಬೀದಿಗಳ ಒಂದು ಬಲವನ್ನು ನಾವೇ ಮರೆಯುತ್ತೇವೆ. ನ್ಯೂಯಾರ್ಕಿನಲ್ಲಿ ವಾಸವಾಗಿದ್ದ ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ, ಅಂಗಡಿಯವರು ಮತ್ತು ನಿವಾಸಿಗಳ ಕಣ್ಣು ಬೀಳುತ್ತಲೇ ಇರುವ ಬೀದಿಯೇ ಸುರಕ್ಷಿತ ಎಂದು ವಾದಿಸಿದ್ದರು. ಹಣ್ಣಿನ ಗಾಡಿ, ಟೀ ಅಂಗಡಿ, ಮೆಡಿಕಲ್ ಶಾಪ್ ತೆರೆದಿರುವ ರಸ್ತೆಯಲ್ಲಿ ನಮ್ಮ ಹುಡುಗಿಯರು ಹೆದರುವುದಿಲ್ಲ. ಹೆದರುವುದು ಆ ರಸ್ತೆಯಿಂದ ಮನೆಗೆ ತಿರುಗುವ ಕೊನೆಯ ಕತ್ತಲ ತಿರುವಿನಲ್ಲಿ. ಹಾಗಾಗಿ ಇಡೀ ಬಡಾವಣೆಗೆ ಕ್ಯಾಮೆರಾ ಬೇಕು ಎಂಬ ದೊಡ್ಡ ಬೇಡಿಕೆಗಿಂತ ಆ ಐವತ್ತು ಅರವತ್ತು ಹೆಜ್ಜೆಗಳಿಗೆ ದೀಪ ಬೇಕು ಎಂಬ ಸಣ್ಣ ಬೇಡಿಕೆ ಹೆಚ್ಚು ಉಪಯೋಗದ್ದು.

ಪ್ರಾಂಶುಪಾಲರಲ್ಲಿ ಮತ್ತು ಎನ್‌ಎಸ್‌ಎಸ್ ಘಟಕದ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷ ಒಂದು ಶನಿವಾರದ ಶ್ರಮದಾನವನ್ನು ಸಂಜೆಗೆ ಇಡೋಣ. ಹುಡುಗರು ಹುಡುಗಿಯರು ಇಬ್ಬರೂ ಉಪನ್ಯಾಸಕರ ಜೊತೆ ಗಲ್ಲಿ ಗಲ್ಲಿ ನಡೆದು ಉರಿಯದ ಕಂಬಗಳ ಸಂಖ್ಯೆ ಬರೆದುಕೊಂಡು ಪಾಲಿಕೆಗೆ ಒಂದೇ ಪಟ್ಟಿ ಕೊಡೋಣ. ಎಫ್‌ಐಆರ್ ಬರೆಯುವುದು ಹೇಗೆಂದು ತಿಳಿಸಲು ಒಬ್ಬ ವಕೀಲರನ್ನು ಒಂದು ಪೀರಿಯಡ್‌ಗೆ ಕರೆಸಿ. ಠಾಣೆಗೆ ಹೋಗುವ ವಿದ್ಯಾರ್ಥಿಯ ಜೊತೆ ಕಾಲೇಜಿನ ಒಬ್ಬ ಸರ್ ಅಥವಾ ಮೇಡಂ ಹೋದರೆ ಎದುರಿಗೆ ಕುಳಿತವರ ಪ್ರಶ್ನೆಗಳೇ ಬದಲಾಗುತ್ತವೆ. ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲೇ ಇದು ಆಗಲಿ, ವಿಶೇಷ ತರಗತಿಗಳು ಮುಗಿಯುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ.